ತಟ್ಟೆ ಎಣಿಸಿ ಶುರು ಮಾಡಿ: ಮಂಗಳೂರಿನ ಮನೆಯಲ್ಲಿ ಕುಸ್ವಾರ್ ಮಾಡುವ ಮೂರು ವಾರ

ಬೆಳಿಗ್ಗೆ ಎದ್ದು ನೋಡುವಾಗ ಬಾಟಲಿಯಲ್ಲಿ ತೆಂಗಿನೆಣ್ಣೆ ಬೆಳ್ಳಗೆ ಗಟ್ಟಿಯಾಗಿ ಕೂತಿದೆ ಎಂದರೆ ನಮ್ಮ ಮನೆಯಲ್ಲಿ ಕ್ರಿಸ್ಮಸ್ ಕೆಲಸ ಶುರುವಾಯಿತು ಅಂತ ಲೆಕ್ಕ. ತೆಂಗಿನೆಣ್ಣೆ 24 ಡಿಗ್ರಿ ಆಸುಪಾಸಿನಲ್ಲಿ ಹೆಪ್ಪುಗಟ್ಟುತ್ತದೆ. ಮಂಗಳೂರಿನ ಡಿಸೆಂಬರ್ ಬೆಳಗು 20-22ಕ್ಕೆ ಇಳಿದರೆ ಹೆಚ್ಚು. ಬೆಂಗಳೂರಿನಿಂದ ರಜೆಗೆ ಬರುವ ಮಗಳು "ಇದೂ ಒಂದು ಚಳಿಯಾ ಮಮ್ಮಿ?" ಎಂದು ನಗುತ್ತಾಳೆ. ನಮ್ಮತ್ತೆ ಮಾತ್ರ ಸ್ವೆಟರ್ ಹಾಕಿ, ತಲೆಗೆ ಮಫ್ಲರ್ ಸುತ್ತಿ, ಊಟದ ಮೇಜಿನ ತಲೆಯಲ್ಲಿ ಕೂತು "ಮೈದಾ ತಂದಾಯ್ತಾ?" ಎಂದು ಕೇಳುತ್ತಾರೆ.

ಕುಸ್ವಾರ್ ಅಂದರೆ ಕರಾವಳಿಯ ಕ್ರೈಸ್ತರ ಮನೆಗಳಲ್ಲಿ ಕ್ರಿಸ್ಮಸ್‌ಗೆ ಮಾಡುವ ತಿಂಡಿಗಳ ಒಟ್ಟು ಹೆಸರು. ಕಿಡ್ಯೊ, ನೆವ್ರಿ, ಗುಳಿಯೊ, ಕೊಕ್ಕಿಸಾಂ, ತುಕ್ಡಿ, ಎಳ್ಳಿನ ಲಾಡು, ಚಕ್ಕುಲಿ, ಕೇಕ್, ಹೀಗೆ. ಈಗ ಎಲ್ಲವೂ ಬೇಕರಿಯಲ್ಲಿ ಕಿಲೋ ಲೆಕ್ಕದಲ್ಲಿ ಸಿಗುತ್ತದೆ. ತಂದರೆ ಏನೂ ತಪ್ಪಿಲ್ಲ, ನಾನೂ ಒಂದೆರಡು ಬಗೆ ತರುತ್ತೇನೆ. ಆದರೆ ಮನೆಯಲ್ಲಿ ಮಾಡಬೇಕು ಎಂದು ಮೊದಲ ಸಲ ಹೊರಟವರು ಸುಸ್ತಾಗಿ ಕೈಬಿಡುವುದನ್ನು ತುಂಬ ನೋಡಿದ್ದೇನೆ. ಅವರು ಪಾಕವಿಧಾನದಿಂದ ಶುರು ಮಾಡುತ್ತಾರೆ. ಶುರು ಮಾಡಬೇಕಾದದ್ದು ತಟ್ಟೆಯಿಂದ.

ಮೊದಲು ತಟ್ಟೆ ಎಣಿಸಿ

ನವೆಂಬರ್ ಕೊನೆಯಲ್ಲಿ ಒಂದು ಚೀಟಿ ತೆಗೆದುಕೊಂಡು ಕೂತುಕೊಳ್ಳಿ. ಯಾರ ಮನೆಗೆಲ್ಲ ತಟ್ಟೆ ಹೋಗಬೇಕು ಎಂದು ಬರೆಯಿರಿ. ಅಷ್ಟಮಿಗೆ ಉಂಡೆ-ಚಕ್ಕುಲಿ ಕೊಟ್ಟವರು, ಚೌತಿಗೆ ಕರೆದವರು, ಈದ್‌ಗೆ ಬಿರಿಯಾನಿ ಕಳಿಸಿದವರು, ಹಾಲು ಹಾಕುವವರು, ಮಗನ ಟ್ಯೂಷನ್ ಟೀಚರ್. ನಮ್ಮದು 12 ಮನೆ. ಒಂದು ತಟ್ಟೆಗೆ ಕಾಲು ಕಿಲೋ ಹಿಡಿದರೆ 3 ಕಿಲೋ. ಮನೆಗೆ, ಬರುವವರಿಗೆ ಇನ್ನೆರಡು ಕಿಲೋ. ಅಲ್ಲಿಗೆ 5 ಕಿಲೋ ತಿಂಡಿ ಸಾಕು. ಈ ಲೆಕ್ಕ ಇಲ್ಲದೆ ಒಮ್ಮೆ ನಾನು ಬರೀ ಚಕ್ಕುಲಿಯನ್ನೇ 4 ಕಿಲೋ ಮಾಡಿದ್ದೆ. ಫೆಬ್ರವರಿವರೆಗೂ ತಿಂದೆವು.

ಈಗ ಪ್ರತಿ ಹೆಸರಿನ ಪಕ್ಕ ಒಂದು ಗುರುತು ಹಾಕಿ. ಮೊಟ್ಟೆ ತಿನ್ನದವರು ಯಾರು? ರಮ್ ಹಾಕಿದ ಕೇಕ್ ಮುಟ್ಟದವರು ಯಾರು? ಸಕ್ಕರೆ ಕಾಯಿಲೆ ಯಾರಿಗೆ? ನಿಮ್ಮ ಇಡೀ ಮೂರು ವಾರದ ಕೆಲಸದ ಕ್ರಮ ಈ ಗುರುತುಗಳಿಂದಲೇ ಬರುತ್ತದೆ. ಪಕ್ಕದ ಮನೆ ಭಟ್ರ ಹೆಂಡತಿ ಮೊದಲ ವರ್ಷ ತಟ್ಟೆ ತೆಗೆದುಕೊಂಡು, "ಇದರಲ್ಲಿ ಮೊಟ್ಟೆ ಉಂಟಾ?" ಎಂದು ಮೆಲ್ಲ ಕೇಳಿದ್ದರು. ನನಗೆ ಉತ್ತರ ಗೊತ್ತಿರಲಿಲ್ಲ. ಕಿಡ್ಯೊಗೆ ಮೊಟ್ಟೆ ಹಾಕಿರಲಿಲ್ಲ, ಆದರೆ ಮೊಟ್ಟೆ ಹಾಕಿದ ಕೊಕ್ಕಿಸಾಂ ಕರಿದ ಎಣ್ಣೆಯಲ್ಲೇ ಅದನ್ನೂ ಕರಿದಿದ್ದೆ. ನಿಜ ಹೇಳಿ ತಟ್ಟೆ ವಾಪಸ್ ತಂದೆ. ಆಮೇಲಿಂದ ನಮ್ಮ ಮನೆಯ ನಿಯಮ ಒಂದೇ: ಮೊಟ್ಟೆ ಇಲ್ಲದ್ದು ಮೊದಲು, ಹೊಸ ಎಣ್ಣೆಯಲ್ಲಿ. ಮೊಟ್ಟೆಯದ್ದು ಆಮೇಲೆ.

ಹತ್ತು ಬಗೆ ಮಾಡಲು ಹೋಗಬೇಡಿ. ಮೊದಲ ವರ್ಷ ಕಿಡ್ಯೊ, ನೆವ್ರಿ, ಕೊಕ್ಕಿಸಾಂ, ಕೇಕ್ ಈ ನಾಲ್ಕೇ ಸಾಕು. ತಟ್ಟೆ ತುಂಬಿಸಲು ಚಕ್ಕುಲಿ ಹೊರಗಿನಿಂದ ತಂದರೆ ಯಾರೂ ಬೈಯುವುದಿಲ್ಲ.

ದಿನಗಳ ಲೆಕ್ಕ

ಕ್ರಿಸ್ಮಸ್‌ಗೆ ಮೊದಲು ಬರುವ ಆಗಮನ ಕಾಲದ ನಾಲ್ಕು ಭಾನುವಾರಗಳು ನಮಗೆ ಕ್ಯಾಲೆಂಡರ್ ಇದ್ದ ಹಾಗೆ. ಮೊದಲನೆಯದು ನವೆಂಬರ್ 27ರಿಂದ ಡಿಸೆಂಬರ್ 3ರ ಒಳಗೆ ಬರುತ್ತದೆ. ಹಸಿರೆಲೆಯ ಚಕ್ರದಲ್ಲಿ ನಾಲ್ಕು ಮೇಣದಬತ್ತಿ: ಮೂರು ನೇರಳೆ, ಒಂದು ಗುಲಾಬಿ. ಗುಲಾಬಿಯದ್ದು ಮೂರನೇ ಭಾನುವಾರಕ್ಕೆ. ನಾನು ಕೆಲಸವನ್ನು ಇದಕ್ಕೇ ಕಟ್ಟಿಬಿಟ್ಟಿದ್ದೇನೆ. ಮೊದಲ ಬತ್ತಿ ಹಚ್ಚುವಾಗ ಹಣ್ಣು ನೆನೆದಿರಬೇಕು. ಎರಡನೆಯದಕ್ಕೆ ಕಿಡ್ಯೊ ಮುಗಿದಿರಬೇಕು. ಗುಲಾಬಿ ಬತ್ತಿ ಹೊತ್ತುವಾಗ ನೆವ್ರಿ ಡಬ್ಬಿಯಲ್ಲಿರಬೇಕು. ಕೊನೆಯದಕ್ಕೆ ಕೊಕ್ಕಿಸಾಂ, ಕೇಕ್. ಜಾಸ್ತಿ ದಿನ ಇಡಬಹುದಾದದ್ದು ಮೊದಲು, ಬೇಗ ಮೆತ್ತಗಾಗುವುದು ಕೊನೆಗೆ.

ಹಣ್ಣು ನೆನೆಸುವುದು ಹತ್ತು ನಿಮಿಷದ ಕೆಲಸ. ಒಣದ್ರಾಕ್ಷಿ, ಕಪ್ಪು ದ್ರಾಕ್ಷಿ, ಖರ್ಜೂರ, ಕಿತ್ತಳೆ ಸಿಪ್ಪೆ, ಟೂಟಿ ಫ್ರೂಟಿ ಸಣ್ಣಗೆ ಹೆಚ್ಚಿ, ಒಣಗಿದ ಗಾಜಿನ ಭರಣಿಗೆ ಹಾಕಿ, ಮುಳುಗುವಷ್ಟು ರಮ್ ಸುರಿಯಿರಿ. ರಮ್ ಬೇಡದ ಮನೆಗಳಿಗೆ ಕಿತ್ತಳೆ ರಸದಲ್ಲಿ ಬೇರೆಯೇ ನೆನೆಸಿ. ಇದನ್ನು ಮಾತ್ರ ನವೆಂಬರಿನಲ್ಲಿ ಮಾಡಬೇಡಿ, ಹುಳಿ ಬರುತ್ತದೆ. ಕೇಕ್ ಮಾಡುವ ಎರಡು ದಿನ ಮೊದಲು ನೆನೆಸಿ ಫ್ರಿಜ್‌ನಲ್ಲಿಟ್ಟರೆ ಸಾಕು.

ಸಾಮಾನು ತರುವಾಗ ಎರಡೇ ಮಾತು. ಎಳ್ಳು, ಗೇರುಬೀಜ ಹಳೆಯದಿದ್ದರೆ ಒಂದು ಬಾಯಿಗೆ ಹಾಕಿ ನೋಡಿ. ಕಮಟು ವಾಸನೆ ಬಂದರೆ ಇಡೀ ನೆವ್ರಿ ಹಾಳು. ಎಣ್ಣೆ ಒಂದೇ ಜಾತಿಯದ್ದು ತನ್ನಿ. ತೆಂಗಿನೆಣ್ಣೆಗೆ ಬೇರೆ ಎಣ್ಣೆ ಬೆರೆಸಿ ಕಾಯಿಸಿದರೆ ನೊರೆ ಉಕ್ಕಿ ಒಲೆಯ ಮೇಲೆಲ್ಲ ಸುರಿಯುತ್ತದೆ.

ಕಿಡ್ಯೊ: ಇಡೀ ಮನೆ ಕೂತು ಮಾಡುವ ತಿಂಡಿ

ಕೊಂಕಣಿಯಲ್ಲಿ ಕಿಡ್ಯೊ ಅಂದರೆ ಹುಳಗಳು. ಹೆಸರು ಕೇಳಿ ಮುಖ ಕಿವುಚಬೇಡಿ. ಸುರುಳಿ ಸುತ್ತಿದ ಆಕಾರ ನೋಡಿದರೆ ಯಾಕೆ ಈ ಹೆಸರು ಎಂದು ತಿಳಿಯುತ್ತದೆ. ಬೇರೆ ಊರಲ್ಲಿ ಕುಲ್‌ಕುಲ್ ಅನ್ನುತ್ತಾರೆ.

ಇದನ್ನು ಒಬ್ಬರೇ ಮಾಡಬೇಡಿ. ಅರ್ಧ ಕಿಲೋ ಮೈದಾದಿಂದ ಸುಮಾರು 250 ಕಿಡ್ಯೊ ಆಗುತ್ತದೆ. ಒಬ್ಬರೇ ಕೂತರೆ ಸೊಂಟ ಹೋಗುತ್ತದೆ. ಐದು ಜನ ಕೂತರೆ ತಲೆಗೆ ಐವತ್ತು, ಹರಟೆಯಲ್ಲೇ ಮುಗಿಯುತ್ತದೆ. ಹಾಗಾಗಿ ಮೊದಲ ಹೆಜ್ಜೆ ಹಿಟ್ಟು ಕಲಸುವುದಲ್ಲ, ಎಲ್ಲರೂ ಮನೆಯಲ್ಲಿರುವ ಸಂಜೆ ಹುಡುಕುವುದು. ನಮ್ಮಲ್ಲಿ ಅದು ಶನಿವಾರ ರಾತ್ರಿ, ತೆರ್ಸ್ (ಜಪಮಾಲೆ ಪ್ರಾರ್ಥನೆ) ಮುಗಿದ ಮೇಲೆ. ಮೊಬೈಲ್‌ಗಳೆಲ್ಲ ಫ್ರಿಜ್ ಮೇಲೆ. ಇದು ಶಿಸ್ತಿಗೆ ಮಾಡಿದ ನಿಯಮ ಅಂತ ತಿಳಿಯಬೇಡಿ. ಹಿಟ್ಟಿನ ಕೈಯಲ್ಲಿ ಮುಟ್ಟಿ ಒಂದು ಫೋನ್ ಹಾಳಾದ ಮೇಲೆ ಬಂದದ್ದು.

ಅಳತೆ ಹೀಗೆ: ಮೈದಾ ಅರ್ಧ ಕಿಲೋ, ಚಿರೋಟಿ ರವೆ 2 ದೊಡ್ಡ ಚಮಚ, ಪುಡಿ ಸಕ್ಕರೆ 2 ದೊಡ್ಡ ಚಮಚ, ಚಿಟಿಕೆ ಉಪ್ಪು, ಬಿಸಿ ತುಪ್ಪ 2 ದೊಡ್ಡ ಚಮಚ. ಒಂದು ದೊಡ್ಡ ತೆಂಗಿನಕಾಯಿಯ ದಪ್ಪ ಹಾಲು, ಸುಮಾರು 200 ಮಿ.ಲೀ. ಕೆಲವರು ಒಂದು ಮೊಟ್ಟೆ ಹಾಕುತ್ತಾರೆ. ನಾನು ಹಾಕುವುದಿಲ್ಲ, ಕಾರಣ ಹೇಳಿದೆನಲ್ಲ.

ಮೈದಾಕ್ಕೆ ರವೆ, ಸಕ್ಕರೆ, ಉಪ್ಪು ಸೇರಿಸಿ, ಬಿಸಿ ತುಪ್ಪ ಹಾಕಿ, ಬೆರಳ ತುದಿಯಲ್ಲಿ ಉಜ್ಜಿ. ಹಿಟ್ಟು ಹಿಡಿದರೆ ಉಂಡೆ ಕಟ್ಟಬೇಕು, ಒತ್ತಿದರೆ ಪುಡಿಯಾಗಬೇಕು. ಆಮೇಲೆ ಕಾಯಿಹಾಲನ್ನು ಸ್ವಲ್ಪ ಸ್ವಲ್ಪವೇ ಹಾಕಿ ಕಲಸಿ. ಚಪಾತಿ ಹಿಟ್ಟಿಗಿಂತ ಚೂರು ಗಟ್ಟಿ ಇರಲಿ. ಒಳ್ಳೆ ಹತ್ತು ನಿಮಿಷ ನಾದಿ, ಒದ್ದೆ ಬಟ್ಟೆ ಮುಚ್ಚಿ, ಒಂದೂವರೆ ಗಂಟೆ ಬಿಡಿ. ಈ ಬಿಡುವು ತಪ್ಪಿಸಿದರೆ ಹಿಟ್ಟು ರಬ್ಬರಿನ ಹಾಗೆ ಹಿಂದಕ್ಕೆ ಎಳೆಯುತ್ತದೆ, ಸುರುಳಿ ಬಿಚ್ಚುತ್ತದೆ. ಡಿಸೆಂಬರಿನಲ್ಲಿ ಫ್ಯಾನ್ ಬೇಡ ಅಲ್ವಾ, ಅದು ಒಳ್ಳೆಯದೇ ಆಯಿತು. ಫ್ಯಾನ್ ಗಾಳಿಗೆ ಹಿಟ್ಟಿನ ಮೇಲೆ ಒಣ ಸಿಪ್ಪೆ ಕಟ್ಟುತ್ತದೆ.

ಸುತ್ತುವುದಕ್ಕೆ ಹೊಸ ಬಾಚಣಿಗೆ ಬೇಕು. ಕಿಡ್ಯೊಗೆಂದೇ ಇಟ್ಟದ್ದು, ತಲೆ ಕಂಡಿರಬಾರದು. ಇಲ್ಲದಿದ್ದರೆ ಫೋರ್ಕ್‌ನ ಬೆನ್ನು. ಗೋಲಿಗಿಂತ ಸಣ್ಣ ಉಂಡೆ ತೆಗೆದುಕೊಂಡು ಬಾಚಣಿಗೆಯ ಹಲ್ಲಿನ ಮೇಲಿಟ್ಟು ಹೆಬ್ಬೆರಳಿನಿಂದ ಒತ್ತಿ ತೆಳ್ಳಗೆ ಮಾಡಿ, ಒಂದು ತುದಿಯಿಂದ ಸುರುಳಿ ಸುತ್ತಿಕೊಂಡು ಬನ್ನಿ. ಗೆರೆ ಹೊರಗೆ ಕಾಣಬೇಕು. ಕೊನೆಯ ಅಂಚನ್ನು ಸಣ್ಣಗೆ ಒತ್ತಿ. ಒಬ್ಬೊಬ್ಬರ ಕಿಡ್ಯೊ ಒಂದೊಂದು ಥರ. ನನ್ನ ಗಂಡನದ್ದು ದಪ್ಪ, ಮಗನದ್ದು ಬೇಕೆಂದೇ ಹಲ್ಲಿಯ ಆಕಾರ. ಅತ್ತೆಯದ್ದು ಅಚ್ಚಿನಲ್ಲಿ ಹೊಡೆದ ಹಾಗೆ. ತುಂಬ ದಪ್ಪದ್ದನ್ನು ಮಾತ್ರ ಬೇರೆ ಇಡಿ, ಬೇರೆಯೇ ಕರಿಯಿರಿ. ಸಣ್ಣದು ಕೆಂಪಾಗುವಾಗ ದಪ್ಪದ್ದರ ಒಳಗೆ ಹಸಿ ಉಳಿದಿರುತ್ತದೆ. ಹಸಿ ಉಳಿದದ್ದೇ ವಾರದ ನಂತರ ಬೂಸು ಹಿಡಿಯುವುದು.

ಎಣ್ಣೆ ಮಧ್ಯಮ ಉರಿಯಲ್ಲಿರಲಿ. ಒಂದು ಚೂರು ಹಿಟ್ಟು ಹಾಕಿದರೆ ಮೆಲ್ಲ ಮೇಲೆ ಬರಬೇಕು. ಹಾಕಿದ ತಕ್ಷಣ ಹಾರಿ ಬಂದರೆ ಎಣ್ಣೆ ಜಾಸ್ತಿ ಕಾದಿದೆ. ಒಂದು ಸಲಕ್ಕೆ 25-30 ಹಾಕಿ, ಗುಳ್ಳೆ ಕಡಿಮೆಯಾಗುವವರೆಗೆ ತಿರುವುತ್ತಾ ಇರಿ. ಗುಳ್ಳೆ ನಿಂತರೆ ಒಳಗಿನ ನೀರು ಹೋಯಿತು ಅಂತ ಅರ್ಥ. ಬಣ್ಣಕ್ಕಿಂತ ಅದನ್ನೇ ನಂಬಿ.

ಸಕ್ಕರೆ ಹಿಡಿಸುವುದು ಮರುದಿನದ ಕೆಲಸ. ರಾತ್ರಿ ಮಾಡಬೇಡಿ. ನಮ್ಮೂರಿನಲ್ಲಿ ರಾತ್ರಿಯಿಂದ ಬೆಳಗಿನವರೆಗೆ ಗಾಳಿಯಲ್ಲಿ ಇಬ್ಬನಿಯ ಪಸೆ. ಬಿಸಿಲೇರಿದ ಮೇಲೆ ಭೂಮಿಯ ಕಡೆಯಿಂದ ಒಣ ಗಾಳಿ ಬೀಸುತ್ತದೆ, ಮಧ್ಯಾಹ್ನದ ನಂತರ ಮತ್ತೆ ಕಡಲ ಗಾಳಿ. ಹಾಗಾಗಿ ಹತ್ತರಿಂದ ಒಂದು ಗಂಟೆಯ ಒಳಗೆ ಪಾಕದ ಕೆಲಸ ಮುಗಿಸಿ. ಒಂದು ವರ್ಷ ಅಕಾಲದ ಮಳೆ ಬಂದ ರಾತ್ರಿ ಹಟ ಮಾಡಿ ಪಾಕ ಹಿಡಿಸಿದೆ. ಬೆಳಿಗ್ಗೆ ಇಡೀ ಪಾತ್ರೆಯದ್ದು ಒಂದೇ ಉಂಡೆ. ಅದನ್ನು ಸುತ್ತಿಗೆಯಲ್ಲಿ ಒಡೆದು ತಿಂದೆವು.

ಪಾಕಕ್ಕೆ 250 ಗ್ರಾಂ ಸಕ್ಕರೆ, 100 ಮಿ.ಲೀ. ನೀರು. ಎರಡೆಳೆ ಬರುವವರೆಗೆ ಕುದಿಸಿ, ಒಲೆ ಆರಿಸಿ, ಕಿಡ್ಯೊ ಸುರಿದು ಮರದ ಸಟ್ಟುಗದಲ್ಲಿ ಬಿಡದೆ ತಿರುವಿ. ಒಂದೆರಡು ನಿಮಿಷದಲ್ಲಿ ಸಕ್ಕರೆ ಬೆಳ್ಳಗೆ ಹರಳುಗಟ್ಟಿ ಒಂದೊಂದೇ ಬಿಡಿಯಾಗುತ್ತದೆ. ಅಂಟುತ್ತಲೇ ಇದ್ದರೆ ಪಾಕ ಎಳಸು. ಇನ್ನೊಮ್ಮೆ ಸಣ್ಣ ಉರಿಯಲ್ಲಿಟ್ಟು ತಿರುವಿ, ಸರಿಯಾಗುತ್ತದೆ. ಸಕ್ಕರೆ ಕಾಯಿಲೆಯವರ ಪಾಲನ್ನು ಪಾಕಕ್ಕೆ ಹಾಕುವ ಮೊದಲೇ ತೆಗೆದಿಡಿ.

ನೆವ್ರಿ

ಕರ್ಜಿಕಾಯಿ ಮಾಡಿ ಗೊತ್ತಿದ್ದವರಿಗೆ ಇದರಲ್ಲಿ ಹೊಸತೇನಿಲ್ಲ. ಹೂರಣಕ್ಕೆ ತುರಿದ ಒಣಕೊಬ್ಬರಿ 2 ಕಪ್, ಹುರಿದ ಎಳ್ಳು ಅರ್ಧ ಕಪ್, ಹುರಿಗಡಲೆ ಪುಡಿ ಅರ್ಧ ಕಪ್, ಪುಡಿ ಸಕ್ಕರೆ 1 ಕಪ್, ಏಲಕ್ಕಿ, ಗೇರುಬೀಜದ ಚೂರು, ಒಣದ್ರಾಕ್ಷಿ. ಹಸಿ ಕಾಯಿತುರಿಯದ್ದು ರುಚಿ ಜಾಸ್ತಿ, ನಿಜ. ಆದರೆ ಎಷ್ಟು ಹುರಿದರೂ ಎಲ್ಲೋ ತೇವ ಉಳಿದುಬಿಡುತ್ತದೆ. ತಟ್ಟೆಗೆ ಹೋಗುವುದಕ್ಕೆ ಕೊಬ್ಬರಿ, ಮನೆಯಲ್ಲಿ ನಾಲ್ಕು ದಿನದಲ್ಲಿ ಮುಗಿಯುವುದಕ್ಕೆ ಹಸಿ ತುರಿ, ಇದು ನನ್ನ ಲೆಕ್ಕ.

ಮೈದಾ, ಉಪ್ಪು, ಬಿಸಿ ತುಪ್ಪದ ಹಿಟ್ಟು ಕಲಸಿ, ತೆಳ್ಳಗೆ ಲಟ್ಟಿಸಿ, ಒಂದು ಚಮಚ ಹೂರಣ ಇಟ್ಟು ಮಡಚಿ. ಆಸೆಯಿಂದ ಎರಡು ಚಮಚ ಹಾಕಬೇಡಿ. ಅಂಚಿಗೆ ಹಾಲು ಸವರಿ ಒತ್ತಿ, ಹಲ್ಲಿನ ಚಕ್ರದಿಂದ ಕತ್ತರಿಸಿ. ಎಣ್ಣೆಯಲ್ಲಿ ಒಂದು ನೆವ್ರಿ ಬಾಯಿ ಬಿಟ್ಟರೆ ಹೂರಣವೆಲ್ಲ ಸುಟ್ಟು, ಆ ಎಣ್ಣೆಯನ್ನು ಸೋಸದೆ ಮುಂದಿನದ್ದು ಹಾಕುವ ಹಾಗಿಲ್ಲ. ಇಲ್ಲಿಗೆ ಮೊಟ್ಟೆ ಇಲ್ಲದ ಕೆಲಸ ಮುಗಿಯಿತು.

ಕೊಕ್ಕಿಸಾಂ: ಅಚ್ಚಿನ ಸಿಟ್ಟು

ಗುಲಾಬಿ ಹೂವಿನ ಅಚ್ಚಿನಲ್ಲಿ ಮಾಡುವ ಗರಿಗರಿ ತಿಂಡಿ. ಮೈದಾ 2 ಕಪ್, ಅಕ್ಕಿ ಹಿಟ್ಟು ಅರ್ಧ ಕಪ್, ಪುಡಿ ಸಕ್ಕರೆ ಅರ್ಧ ಕಪ್, ಮೊಟ್ಟೆ 2, ಉಪ್ಪು, ಸುಮಾರು 2 ಕಪ್ ಕಾಯಿಹಾಲು. ದೋಸೆ ಹಿಟ್ಟಿನ ಹದಕ್ಕೆ ಕಲಸಿ ಸೋಸಿ. ಸಕ್ಕರೆ ಜಾಸ್ತಿಯಾದರೆ ಬೇಗ ಕಪ್ಪಾಗುತ್ತದೆ, ಅಚ್ಚಿಗೂ ಕಚ್ಚುತ್ತದೆ.

ಹೊಸ ಅಚ್ಚಾದರೆ ಹಿಂದಿನ ರಾತ್ರಿ ಎಣ್ಣೆಯಲ್ಲಿ ಮುಳುಗಿಸಿಡಿ. ಮಾಡುವಾಗ ಅಚ್ಚು ಕಾದ ಎಣ್ಣೆಯಲ್ಲೇ ಇರಬೇಕು. ತೆಗೆದು, ಎಣ್ಣೆ ಜಾಡಿಸಿ, ಹಿಟ್ಟಿನಲ್ಲಿ ಮುಕ್ಕಾಲು ಭಾಗ ಮಾತ್ರ ಅದ್ದಿ. ಮೇಲಂಚು ದಾಟಿ ಹಿಟ್ಟು ಹತ್ತಿದರೆ ಟೋಪಿ ಹಾಕಿದ ಹಾಗೆ ಕೂತುಬಿಡುತ್ತದೆ, ಬಿಡುವುದೇ ಇಲ್ಲ. ಅದ್ದುವಾಗ "ಚುಂಯ್" ಎಂದರೆ ಹದ ಸರಿ. ಸದ್ದಿಲ್ಲದಿದ್ದರೆ ಅಚ್ಚು ತಣ್ಣಗಿದೆ. ಹಿಟ್ಟು ಹತ್ತದೆ ಕಳಚಿ ಬಿದ್ದರೆ ಅತಿಯಾಗಿ ಕಾದಿದೆ. ಎಣ್ಣೆಗೆ ಇಳಿಸಿ, ಅರ್ಧ ನಿಮಿಷ ಬಿಟ್ಟು ಮೆಲ್ಲ ಕುಲುಕಿದರೆ ಹೂವು ಬಿಟ್ಟುಕೊಳ್ಳುತ್ತದೆ. ಮೊದಲ ಐದಾರು ಹಾಳಾಗಿಯೇ ಆಗುತ್ತವೆ. ಅದಕ್ಕೆ ಬೇಸರ ಬೇಡ, ಪಕ್ಕದಲ್ಲಿ ಬಾಯಿ ಬಿಟ್ಟು ನಿಂತವರಿಗೆ ಕೊಡಿ.

ಗುಳಿಯೊ ಬಗ್ಗೆ ಒಂದೇ ಮಾತು. ಅಕ್ಕಿ, ಕಾಯಿಯ ಆ ಸಣ್ಣ ಉಂಡೆಗಳು ಒಳಗೆ ಗಾಳಿ, ತೇವ ಸಿಕ್ಕಿಕೊಂಡರೆ ಎಣ್ಣೆಯಲ್ಲಿ ಪಟಾಕಿಯ ಹಾಗೆ ಸಿಡಿಯುತ್ತವೆ. ನನ್ನ ಎಡಗೈಯಲ್ಲಿ ಇನ್ನೂ ಅದರ ಗುರುತು ಉಂಟು. ಮಾಡಿ ಅಭ್ಯಾಸ ಇರುವ ಹಿರಿಯರು ಪಕ್ಕದಲ್ಲಿ ಇಲ್ಲದೆ ಮುಟ್ಟಬೇಡಿ. ಮಕ್ಕಳನ್ನಂತೂ ಅಡುಗೆಮನೆಯಿಂದ ಹೊರಗೆ ಕಳಿಸಿ.

ಡಬ್ಬಿ

ಪೂರ್ತಿ ತಣಿದ ಮೇಲೆಯೇ ತುಂಬಿಸಿ. ಬೆಚ್ಚಗಿರುವಾಗ ಮುಚ್ಚಿದರೆ ಮುಚ್ಚಳದ ಒಳಗೆ ನೀರು ಕೂರುತ್ತದೆ. ತಗಡಿನ ಅಥವಾ ಸ್ಟೀಲ್ ಡಬ್ಬಿ, ಒಳಗೆ ಬಟರ್ ಪೇಪರ್. ನ್ಯೂಸ್ ಪೇಪರ್ ಹಾಕಬೇಡಿ, ಅದರ ಮಸಿ ಎಣ್ಣೆ ತಿಂಡಿಗೆ ಹತ್ತುತ್ತದೆ. ಸಿಹಿ, ಖಾರ ಒಂದೇ ಡಬ್ಬಿಯಲ್ಲಿ ಬೇಡ. ತಟ್ಟೆಗೆ ಹೋಗುವುದನ್ನು ಬೇರೆ ಡಬ್ಬಿಗೆ ಹಾಕಿ, ಟೇಪ್ ಅಂಟಿಸಿ ಅಡಗಿಸಿಡಿ. ನಮ್ಮಲ್ಲಿ ಅದು ಅತ್ತೆಯ ಮಂಚದ ಕೆಳಗೆ. ಅಲ್ಲಿಗೆ ಕೈ ಹಾಕುವ ಧೈರ್ಯ ಯಾರಿಗೂ ಇಲ್ಲ.

ಕ್ಯಾರೊಲ್ ತಂಡ ಯಾವ ರಾತ್ರಿ ಬರುತ್ತದೆ ಎಂದು ಗುರ್ಕಾರರು (ಚರ್ಚಿನ ವಾರ್ಡಿನ ಮುಖಂಡರು) ಹೇಳಿದ್ದಕ್ಕೂ ಬರುವುದಕ್ಕೂ ಸಂಬಂಧ ಇರುವುದಿಲ್ಲ. ಮುರಿದ, ಸೊಟ್ಟಗಾದ ಕಿಡ್ಯೊಗಳ ಒಂದು ಡಬ್ಬಿ ಬಾಗಿಲ ಹತ್ತಿರವೇ ಇಡಿ. ಹಾಡಿ ಹಾಡಿ ಹಸಿದ ಹುಡುಗರು ಆಕಾರ ನೋಡುವುದಿಲ್ಲ.

ಗೋದಲಿ, ನಕ್ಷತ್ರ

ಗೋದಲಿ ಅಂದರೆ ಯೇಸು ಹುಟ್ಟಿದ ಕೊಟ್ಟಿಗೆಯನ್ನು ಗೊಂಬೆಗಳಿಟ್ಟು ತೋರಿಸುವುದು. ಇದು ಮಕ್ಕಳ ಕೆಲಸ. ಅವರಿಗೇ ಬಿಡಿ, ದಿನ ಮಾತ್ರ ನೆನಪಿಸಿ. ಹಸಿರು ಹುಲ್ಲು ಬೇಕಾದರೆ ಡಿಸೆಂಬರ್ 14-15ಕ್ಕೆ ಚಪ್ಪಟೆ ಬಟ್ಟಲಿನಲ್ಲಿ ತೆಳ್ಳಗೆ ಮಣ್ಣು ಹಾಕಿ ರಾಗಿ ಬಿತ್ತಬೇಕು. ದಿನಾ ನೀರು ಚಿಮುಕಿಸಿದರೆ 24ರ ಹೊತ್ತಿಗೆ ಗದ್ದೆಯ ಹಾಗೆ ಕಾಣುತ್ತದೆ. ಭತ್ತ ಹಾಕುವುದಾದರೆ ಒಂದು ಹಗಲು, ಒಂದು ರಾತ್ರಿ ನೆನೆಸಿ, ಇನ್ನೆರಡು ದಿನ ಮೊದಲೇ ಬಿತ್ತಿ. ಗೋಡೆಯ ಪಾಚಿ ಡಿಸೆಂಬರಿಗೆ ಒಣಗಿರುತ್ತದೆ, ಬಾವಿಕಟ್ಟೆಯ ನೆರಳಲ್ಲಿ ಸ್ವಲ್ಪ ಸಿಕ್ಕೀತು.

ಗೊಂಬೆ ಒಡೆದಿದೆ, ಕುರುಬ ಕಾಣೆ ಎಂದು ಪ್ರತಿವರ್ಷ ಒಂದು ಜಗಳ. ಸಂತ ಫ್ರಾನ್ಸಿಸ್ 1223ರಲ್ಲಿ ಇಟಲಿಯ ಗ್ರೆಚ್ಚೊದಲ್ಲಿ ಗೋದಲಿ ಮಾಡಿದಾಗ ಒಣಹುಲ್ಲು, ಒಂದು ಎತ್ತು, ಒಂದು ಕತ್ತೆ ಇದ್ದವು ಎಂದು ಮಗನಿಗೆ ಹೇಳುತ್ತೇನೆ. ಬೈಹುಲ್ಲು ಉಂಟಲ್ಲ, ಸಾಕು. ಒಂದು ವರ್ಷ ನಮ್ಮ ಬೆಕ್ಕು ಸೀದಾ ಹೋಗಿ ಬೈಹುಲ್ಲಿನ ಮೇಲೆ ಮರಿ ಹಾಕಿತ್ತು. ಗೋದಲಿಯನ್ನು ಕಪಾಟಿನ ಮೇಲಕ್ಕೆ ಸಾಗಿಸಿದೆವು. ಬೈಹುಲ್ಲು, ಪೇಪರ್ ನಕ್ಷತ್ರ ಎರಡಕ್ಕೂ ಎಲ್‌ಇಡಿ ದೀಪ ಮಾತ್ರ ಹಾಕಿ. ಹಳೆಯ ಬಲ್ಬ್ ಕಾದು ಕಾಗದ ಕರಕಲಾಗುತ್ತದೆ. ನಕ್ಷತ್ರವನ್ನು ಮಾಡಿನ ಅಡಿಗೆ ತೂಗುಹಾಕಿ. ಅರಬ್ಬಿ ಸಮುದ್ರದಲ್ಲಿ ಎಲ್ಲಾದರೂ ವಾಯುಭಾರ ಕುಸಿದರೆ ಡಿಸೆಂಬರಿನಲ್ಲೂ ಮಳೆ ಬರುತ್ತದೆ.

ಬಾಲ ಯೇಸುವಿನ ಜಾಗ 24ರ ರಾತ್ರಿಯವರೆಗೆ ಖಾಲಿ. ಅವನನ್ನು ನೋಡಲು ಬಂದ ಮೂವರು ಅರಸರ ಗೊಂಬೆಗಳನ್ನು ನಮ್ಮ ಮನೆಯಲ್ಲಿ ಟಿವಿಯ ಪಕ್ಕದಿಂದ ಹೊರಡಿಸುತ್ತೇವೆ. ದಿನಕ್ಕೆ ಒಂದು ಗೇಣು ನಡೆದು ಜನವರಿ 6ಕ್ಕೆ ತಲುಪುತ್ತಾರೆ.

ಕೇಕ್, ಮತ್ತೆ ಕೊನೆಯ ಮೂರು ದಿನ

ಕೇಕ್ 20-21ಕ್ಕೆ ಮಾಡಿ. ಕಪ್ಪು ಬಣ್ಣ ಬರುವುದು ಸುಟ್ಟ ಸಕ್ಕರೆಯಿಂದ. ಸಕ್ಕರೆ ಗಾಢ ಕಂದಾಗಿ ಹೊಗೆ ಏಳುವಾಗ ಒಲೆ ಆರಿಸಿ, ಬಿಸಿ ನೀರನ್ನು ದೂರ ನಿಂತು ಹಾಕಿ. ತಣ್ಣೀರು ಹಾಕಿದರೆ ಮುಖಕ್ಕೇ ಸಿಡಿಯುತ್ತದೆ. ನೆನೆದ ಹಣ್ಣಿಗೆ ಎರಡು ಚಮಚ ಮೈದಾ ಸವರಿ ಸೇರಿಸಿದರೆ ತಳಕ್ಕೆ ಇಳಿಯುವುದಿಲ್ಲ. ಓವನ್ 160 ಡಿಗ್ರಿ, ಒಂದು ಗಂಟೆಯ ಮೇಲೆ ಕಡ್ಡಿ ಚುಚ್ಚಿ ನೋಡಿ. ಕಿತ್ತಳೆ ರಸದ ಕೇಕ್ ಮೊದಲು, ರಮ್‌ನದ್ದು ಆಮೇಲೆ. ಗುರುತು ಹಾಕದೆ ಎರಡನ್ನೂ ಅಕ್ಕಪಕ್ಕ ಇಡಬೇಡಿ.

23ಕ್ಕೆ ಮಗಳು ಬಸ್ಸಿನಿಂದ ಇಳಿಯುತ್ತಾಳೆ. ಆ ದಿನ ಯಾವ ಕೆಲಸವೂ ಬೇಡ.

24ರ ಬೆಳಿಗ್ಗೆ ಹನ್ನೊಂದರ ಬಿಸಿಲಿಗೆ ಡಬ್ಬಿ ತೆರೆದು ತಟ್ಟೆ ಜೋಡಿಸಿ. ಕೇಕ್ ತುಂಡನ್ನು ಬಟರ್ ಪೇಪರಿನಲ್ಲಿ ಸುತ್ತಿಯೇ ಇಡಿ, ಅದರ ತೇವಕ್ಕೆ ಪಕ್ಕದ ನೆವ್ರಿ ಮೆತ್ತಗಾಗುತ್ತದೆ. ಭಟ್ರ ಮನೆಯ ತಟ್ಟೆಗೆ ಕಿಡ್ಯೊ, ನೆವ್ರಿ ಮಾತ್ರ. ಕೇಕ್ ಇಲ್ಲದ ಜಾಗಕ್ಕೆ ನಾಲ್ಕು ಕಿತ್ತಳೆ. ತಟ್ಟೆ ಮಕ್ಕಳ ಕೈಯಲ್ಲೇ ಕಳಿಸಿ, ಏನೇನು ಉಂಟು ಎಂದು ಹೇಳಿಕೊಟ್ಟು. "ಇದರಲ್ಲಿ ಮೊಟ್ಟೆ ಇಲ್ಲ ಆಂಟಿ, ಎಣ್ಣೆಯೂ ಬೇರೆ" ಎಂದು ಮಗ ಈಗ ಬಾಗಿಲಲ್ಲಿ ನಿಂತೇ ಕೂಗುತ್ತಾನೆ.

ಇಡ್ಲಿಯಂಥ ಸನ್ನಾಸ್‌ಗೆ ಹಿಟ್ಟು ಮಧ್ಯಾಹ್ನವೇ ರುಬ್ಬಿ. ಶೇಂದಿ ಸಿಕ್ಕಿದರೆ ಪುಣ್ಯ, ಇಲ್ಲದಿದ್ದರೆ ಯೀಸ್ಟ್. ಚಳಿಗೆ ಹುದುಗುವುದು ನಿಧಾನ. ಪಾತ್ರೆಗೆ ಹಳೆಯ ಬೆಡ್‌ಶೀಟ್ ಸುತ್ತಿ ಒಲೆಯ ಪಕ್ಕ ಇಟ್ಟು ಚರ್ಚಿನ ಬಲಿಪೂಜೆಗೆ ಹೊರಡಿ. ಪೂಜೆ ನಡುರಾತ್ರಿಗೇ ಎಂದುಕೊಳ್ಳಬೇಡಿ, ಸಂಜೆಯೇ ಶುರುವಾಗುವ ಚರ್ಚ್‌ಗಳು ಈಗ ಬೇಕಾದಷ್ಟಿವೆ. ನಿಮ್ಮ ಇಗರ್ಜಿಯ ಪ್ರಕಟಣೆ ನೋಡಿಕೊಳ್ಳಿ. ಬಯಲಿನಲ್ಲಿ ಪೂಜೆಯಾದರೆ ವಯಸ್ಸಾದವರಿಗೆ ಶಾಲು, ಫ್ಲಾಸ್ಕ್‌ನಲ್ಲಿ ಬಿಸಿನೀರು. ಇಬ್ಬನಿ ತಲೆಗೆ ಬೀಳುತ್ತದೆ. ಮನೆಗೆ ಬಂದು ಬಾಲ ಯೇಸುವನ್ನು ಮಲಗಿಸಿ, ಕೇಕ್ ಕತ್ತರಿಸಿ, ಹಿಟ್ಟು ಉಕ್ಕಿದೆಯೋ ಇಲ್ಲವೋ ನೋಡಿ ಮಲಗುವುದು.

ಜನವರಿ 6 ಕಳೆದ ಮೇಲೆ ಗೋದಲಿ ಬಿಚ್ಚಿ. ರಾಗಿ ಪೈರು ಹಾಲಿನವರ ಹಸುವಿಗೆ. ಬಾಚಣಿಗೆ, ಅಚ್ಚು ತೊಳೆದು, ಒಣಗಿಸಿ, ಎಣ್ಣೆ ಸವರಿ ಖಾಲಿ ಡಬ್ಬಿಗೆ ಹಾಕಿ. ಎಷ್ಟು ಮೈದಾ ತಂದಿರಿ, ಯಾವುದು ಉಳಿಯಿತು, ಯಾವುದು ಸಾಲಲಿಲ್ಲ ಎಂದು ಆವತ್ತೇ ಬರೆದು ಮುಚ್ಚಳದ ಒಳಗೆ ಅಂಟಿಸಿ. ಮುಂದಿನ ನವೆಂಬರಿನಲ್ಲಿ ಅದೇ ಚೀಟಿ ಬೇಕಾಗುತ್ತದೆ. ನಮ್ಮ ಡಬ್ಬಿಯಲ್ಲಿ ಹೀಗೆ ಒಂಬತ್ತು ಚೀಟಿಗಳಿವೆ. ಮೈದಾದ ತೂಕ ವರ್ಷವರ್ಷವೂ ಏರುತ್ತಾ ಬಂದಿದೆ. ಕೆಳಗಿನ ಸಾಲು ಮಾತ್ರ ಅತ್ತೆಯ ಕೈಬರಹದಲ್ಲಿ ಪ್ರತಿ ಸಲವೂ ಅದೇ: "ಕಿಡ್ಯೊ ಸಾಲಲಿಲ್ಲ."